ಪವಿತ್ರ ಪಾಸಾದ ಪರೀಕ್ಷೆ

ನನ್ನ ಜಾಗಕ್ಕೆ ಬಂದ ದೀಪಾ ಎಂಬ ಹೊಸ ಶಿಕ್ಷಕಿ ಚಾರ್ಜು ತೆಗೆದುಕೊಳ್ಳುವ ದಿನ ಕೇಳಿದ ಮೊದಲ ಪ್ರಶ್ನೆಗೇ ನಾನು ತಡವರಿಸಿದೆ. ಬೀರುವಿನ ಕೀಲಿ, ನಾಲ್ಕು ರಿಜಿಸ್ಟರು, ಒಂದು ಮರದ ಪೆಟ್ಟಿಗೆ ಮೇಜಿನ ಮೇಲಿದ್ದವು. ಅವಳು ಯಾವುದನ್ನೂ ಮುಟ್ಟದೆ, "ಮೇಡಂ, ಯಾವ ಮಗೂನ ಪಟ್ಟಿಗೆ ಸೇರಿಸ್ಬೇಕು, ಯಾವ ಮಗೂನ ಬಿಡ್ಬೇಕು ಅಂತ ನಿಮಗೆ ಹೆಂಗೆ ಗೊತ್ತಾಗ್ತಿತ್ತು?" ಅಂದಳು.

"ನೋಡ್ತಾ ನೋಡ್ತಾ ಗೊತ್ತಾಗ್ತೈತೆ ಕಣಮ್ಮ" ಅಂದುಬಿಟ್ಟೆ. ಅದು ಸುಳ್ಳು. ನನಗೆ ಕೊನೆಯ ದಿನದವರೆಗೂ ಸರಿಯಾಗಿ ಗೊತ್ತಾಗಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಸುಳ್ಳು ಹೇಳಿ ಮನೆಗೆ ಬಂದು ಕೂತೆನಲ್ಲ ಎಂಬ ಕಸಿವಿಸಿಗೆ ಇದನ್ನು ಬರೆಯುತ್ತಿದ್ದೇನೆ. ಓದಿದ ಮೇಲೆ ನಿಮಗೂ ಗೊಂದಲವಾದರೆ ನನ್ನನ್ನು ಬೈಯಬೇಡಿ, ನಾನು ಅದರೊಳಗೇ ಸಂಸಾರ ಮಾಡಿದವಳು.

ನಾನು ಫರ್ಜಾನಾ. ಚಿತ್ರದುರ್ಗದ ಪೇಟೆಯಲ್ಲಿ ಹಾಸಿಗೆ, ದಿಂಬು ಹೊಲಿಯುವವರ ಮನೆಯ ಮಗಳು. ಶಾಲೆಯಿಂದ ಶಾಲೆಗೆ ತಿರುಗುವ ಸಂಪನ್ಮೂಲ ಶಿಕ್ಷಕಿಯಾಗಿ ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ ತಾಲ್ಲೂಕುಗಳಲ್ಲಿ ದುಡಿದು ಹೋದ ವರ್ಷ ನಿವೃತ್ತಳಾದೆ. ನಮ್ಮ ಕೆಲಸ ಹೇಳುವುದಕ್ಕೆ ಸುಲಭ. ನೋಡಲು, ಕೇಳಲು, ನಡೆಯಲು, ಕಲಿಯಲು ಕಷ್ಟಪಡುವ ಮಕ್ಕಳನ್ನು ಗುರುತಿಸಬೇಕು. ವರ್ಷಕ್ಕೊಮ್ಮೆ ನಡೆಯುವ ಶಿಬಿರಕ್ಕೆ ಕರೆದುಕೊಂಡು ಹೋಗಬೇಕು. ಅಲ್ಲಿ ತಜ್ಞರು ನೋಡಿ ತೊಂದರೆ ಶೇಕಡಾ ಇಷ್ಟು ಎಂದು ಬರೆಯುತ್ತಾರೆ. ನಲವತ್ತು ಮುಟ್ಟಿದರೆ ಮಗು ಅರ್ಹ. ವಾರಕ್ಕೊಮ್ಮೆ ನಾನು ಹೋಗಿ ಪಾಠ ಹೇಳಬಹುದು. ಮುಂದೆ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಅದಕ್ಕೆ ಹೆಚ್ಚು ಸಮಯ ಸಿಗುತ್ತದೆ, ಹೇಳಿದ್ದನ್ನು ಬರೆಯಲು ಒಬ್ಬರು ಸಿಗುತ್ತಾರೆ. ನಲವತ್ತು ಮುಟ್ಟದಿದ್ದರೆ ಇದಾವುದೂ ಇಲ್ಲ.

ಬೇರೆ ಎಲ್ಲ ಪರೀಕ್ಷೆಗಳಲ್ಲೂ ಚೆನ್ನಾಗಿ ಮಾಡಿದವರಿಗೆ ಅಂಕ. ಇಲ್ಲಿ ಮಾಡಲಾಗದವರಿಗೆ ಅಂಕ. ಈ ತಿರುಗುಮುರುಗು ನನ್ನ ತಲೆಯಲ್ಲಿ ಕೂರಲು ವರ್ಷಗಳೇ ಬೇಕಾದವು. ಕೂತ ಮೇಲೂ ಆಗಾಗ ಎದ್ದು ಓಡಾಡುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಚಿಕ್ಕಜಾಜೂರಿನ ಆಸುಪಾಸಿನ ಒಂದು ಶಾಲೆಗೆ ಹೋಗಿದ್ದೆ. ಹೆಡ್‌ಮಾಸ್ಟರು ಮೂರನೇ ತರಗತಿಯ ಒಬ್ಬ ಹುಡುಗಿಯನ್ನು ಮುಂದೆ ನಿಲ್ಲಿಸಿ, "ಇದು ಬಾಯೇ ಬಿಡಂಗಿಲ್ಲ ಮೇಡಂ. ಪೂರ್ತಿ ಮಂದ. ಬರ್ಕಳ್ರಿ" ಅಂದರು. ನಾನು ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಹಿಡಿದು "ಇದೇನಮ್ಮ?" ಎಂದು ಕೇಳಿದೆ. ಹಸು, ಕೊಡೆ, ಬಾಳೆಹಣ್ಣು, ಯಾವುದಕ್ಕೂ ಉತ್ತರವಿಲ್ಲ. 'ಬುದ್ಧಿ ಬೆಳವಣಿಗೆ ಕುಂಠಿತ' ಎಂದು ದುಂಡಗೆ ಬರೆದು ಸಹಿ ಹಾಕಿ ಬಸ್ಸಿಗೆ ಬಂದು ನಿಂತೆ.

ಸ್ವಲ್ಪ ಹೊತ್ತಿಗೆ ಅದೇ ಹುಡುಗಿ ತಂಗಿಯ ಕೈ ಹಿಡಿದು ರೈಲ್ವೆ ಕ್ವಾರ್ಟರ್ಸಿನ ಕಡೆ ಹೊರಟಿದ್ದಳು. ಚಪ್ಪಲಿ ಎಲ್ಲಿ ಬಿಟ್ಟೆ, ಅಮ್ಮ ಕೇಳಿದರೆ ಏನು ಹೇಳುತ್ತೀ, ನಿನ್ನಿಂದ ನನಗೂ ಬೈಗುಳ ಎಂದು ತಂಗಿಯನ್ನು ಒಂದೇ ಉಸಿರಿಗೆ ಹಿಂದಿಯಲ್ಲಿ ಝಾಡಿಸುತ್ತಿದ್ದಳು. ರೈಲು ಹಳಿ ನೋಡಿಕೊಳ್ಳುವ ಕೆಲಸಕ್ಕೆ ಉತ್ತರದಿಂದ ಬಂದವರ ಮಕ್ಕಳು. ಬಂದು ಎರಡು ತಿಂಗಳಾಗಿತ್ತಷ್ಟೆ. ನಾನು ಮನೆಯಲ್ಲಾಡುವ ಉರ್ದುವಿನಲ್ಲಿ ಕರೆದೆ. ಓಡಿ ಬಂದು ನನ್ನ ಸೆರಗನ್ನೇ ಹಿಡಿದುಕೊಂಡಳು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು, ಯಾಕೆಂದರೆ ಒಂದನೇ ತರಗತಿಯಲ್ಲಿ ಕನ್ನಡ ಬಾರದೆ ದಡ್ಡರ ಸಾಲಿನಲ್ಲಿ ವರ್ಷವಿಡೀ ಕೂತವಳು ನಾನೇ. ಬಸ್ಸು ಬಿಟ್ಟು ಶಾಲೆಗೆ ವಾಪಸು ಹೋಗಿ ಬರೆದದ್ದನ್ನು ಹೊಡೆದುಹಾಕಿದೆ.

ಹರಿಯಬ್ಬೆ ಕಡೆ ಇನ್ನೊಂದು ಫಜೀತಿ. ಐದು ವರ್ಷದ ಹುಡುಗಿ, ಕಿವಿ ಕೇಳುವುದಿಲ್ಲವೇನೋ ಎಂದು ಅಂಗನವಾಡಿಯವರಿಗೆ ಅನುಮಾನ. ಆಗ ನಮ್ಮ ಹತ್ತಿರ ಇದ್ದ ಉಪಕರಣವೆಂದರೆ ಸ್ಟೀಲು ತಟ್ಟೆ ಮತ್ತು ಸೌಟು. ಹುಡುಗಿಯ ಬೆನ್ನ ಹಿಂದೆ ನಿಂತು ಬಾರಿಸಿದೆ. ತಿರುಗಲಿಲ್ಲ. ಜೋರಾಗಿ ಬಾರಿಸಿದೆ. ಪಕ್ಕದ ಮನೆಯವರು ತಿರುಗಿದರು, ಇವಳು ತಿರುಗಲಿಲ್ಲ. ನಾನು ಪೆನ್ನು ತೆಗೆಯುವಷ್ಟರಲ್ಲಿ ಅವಳ ಅಜ್ಜಿ ನಕ್ಕರು. "ಕಿವಿ ಕೇಳ್ತೈತೆ ತಾಯಿ. ಬೆಳಿಗ್ಗೆ ಮಂಡಕ್ಕಿ ಕೊಡಿಸ್ಲಿಲ್ಲ ಅಂತ ಮುನಿಸ್ಕಂಡವಳೆ. ನೀವು ನಗಾರಿ ಬಾರಿಸಿದ್ರೂ ತಿರುಗಂಗಿಲ್ಲ" ಅಂದರು. ಮಂಡಕ್ಕಿ ತರಿಸಿಕೊಟ್ಟ ಮೇಲೆ ನಾನು ಪಿಸುಗುಟ್ಟಿದ್ದೂ ಅವಳಿಗೆ ಕೇಳಿಸಿತು. ಉತ್ತರ ಕೊಡದಿರುವುದಕ್ಕೂ ಉತ್ತರ ಗೊತ್ತಿಲ್ಲದಿರುವುದಕ್ಕೂ ಬಹಳ ದೂರ ಎಂದು ಆ ದಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಆ ನೋಟ್‌ಬುಕ್ಕು ಎಲ್ಲೋ ಕಳೆದುಹೋಯಿತು.

ಕಾಲ ಕಳೆದಂತೆ ವಿಧಾನಗಳೂ ಬದಲಾದವು. ತಟ್ಟೆ, ಸೌಟು ಹೋಗಿ ಯಂತ್ರ ಬಂತು. ಕಾರ್ಬನ್ ಕಾಗದ ಹೋಗಿ ಮೊಬೈಲಿನ ಆ್ಯಪ್ ಬಂತು. ಏಳು ಬಗೆಯ ತೊಂದರೆಗಳ ಪಟ್ಟಿ ಇಪ್ಪತ್ತೊಂದಾಯಿತು. ಮಕ್ಕಳನ್ನು ಕರೆಯುವ ಹೆಸರೂ ಬದಲಾಯಿತು, ಅಂಗವಿಕಲರು, ವಿಕಲಚೇತನರು, ವಿಶೇಷ ಅಗತ್ಯವುಳ್ಳವರು ಎಂದು. ಪ್ರತಿ ಸಲವೂ ಹಳೆಯ ರಿಜಿಸ್ಟರಿನ ಮೇಲೆ ಹೊಸ ಚೀಟಿ ಅಂಟಿಸುವುದು ನನ್ನ ಕೆಲಸ. ಬದಲಾಗದೆ ಇದ್ದವರು ನನ್ನ ಮೇಲಧಿಕಾರಿ ರುದ್ರಪ್ಪ ಸರ್ ಒಬ್ಬರೇ. ಯಾವ ನಮೂನೆ ತಂದರೂ ಅವರದು ಒಂದೇ ಮಾತು: "ಕಾಲಂ ಖಾಲಿ ಬಿಡಬ್ಯಾಡ್ರಿ ಮೇಡಂ. ಏನಾರ ಬರೀರಿ, ಖಾಲಿ ಬಿಡಬ್ಯಾಡ್ರಿ." ಕೊನೆಯ ಕಾಲಮ್ಮು ಷರಾ. ಅಲ್ಲಿಯೂ 'ಇಲ್ಲ' ಎಂದಾದರೂ ಬರೆಯಬೇಕಿತ್ತು.

ಈಗ ಮರದ ಪೆಟ್ಟಿಗೆಯ ವಿಷಯ ಹೇಳಬೇಕು. ಅದರೊಳಗೆ ಒಂದು ಹಲಗೆ. ಹಲಗೆಯಲ್ಲಿ ಹತ್ತು ಕುಳಿ, ಕುಳಿಗೆ ಹೊಂದುವ ಹತ್ತು ಮರದ ಬಿಲ್ಲೆ. ದುಂಡಗಿನದು, ಚೌಕ, ಮೊಟ್ಟೆಯಾಕಾರದ್ದು, ನಕ್ಷತ್ರ, ಹೀಗೆ. ಬಿಲ್ಲೆಗಳನ್ನು ಹೊರಗೆ ಸುರಿದು, ಮಗು ಎಷ್ಟು ಬೇಗ ಕುಳಿಗೆ ಕೂರಿಸುತ್ತದೆ ಎಂದು ಗಡಿಯಾರ ಹಿಡಿದು ನೋಡಬೇಕು. ಅದು ಬುದ್ಧಿ ಅಳೆಯುವ ಸಾಮಾನು. ಅಳೆಯುವ ದಿನ ಬಿಟ್ಟು ಬೇರೆ ದಿನ ಮಕ್ಕಳ ಕಣ್ಣಿಗೆ ಬೀಳಬಾರದು ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಊಟವಾದ ಮೇಲಿನ ಪಾಠವಿರಬೇಕು, ನಾನು ತೂಕಡಿಸುತ್ತಿದ್ದೆನೋ ಏನೋ. ನನಗೆ ಕೊಟ್ಟ ಸಾಮಾನಿನಲ್ಲಿ ಮಕ್ಕಳು ಮುಟ್ಟಿ ಆಡಬಹುದಾದದ್ದು ಅದೊಂದೇ ಇತ್ತು. ಅಬ್ಬಾ ಹಾಸಿಗೆ ಬಟ್ಟೆಯಲ್ಲಿ ಹೊಲಿದುಕೊಟ್ಟ ಚೀಲದಲ್ಲಿ ಅದನ್ನು ಹಾಕಿಕೊಂಡು ಬಸ್ಸಿನಲ್ಲಿ ಊರೂರಿಗೆ ಹೊತ್ತೆ. ಅದರಿಂದಲೇ ಆಕಾರ ಕಲಿಸಿದೆ, ಎಣಿಕೆ ಕಲಿಸಿದೆ, ಬಣ್ಣ ಬಳಿದು ಬಣ್ಣವನ್ನೂ ಕಲಿಸಿದೆ. ಯಾರೂ ಬೇಡ ಅನ್ನಲಿಲ್ಲ, ನನಗೂ ತಪ್ಪು ಅನ್ನಿಸಲಿಲ್ಲ.

ಪವಿತ್ರ ಮತ್ತೋಡಿನ ಕಡೆಯ ಒಂದು ಹಳ್ಳಿಯ ಹುಡುಗಿ. ಅವಳ ತಾಯಿ ರತ್ನಮ್ಮ ಅದೇ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು. ಎಳವೆಯಲ್ಲಿ ಜ್ವರ ಬಂದು ಮೂರ್ಛೆ ಹೋದ ಮೇಲೆ ಹುಡುಗಿ ನಿಧಾನವಾದಳು. ಮೊದಲ ಶಿಬಿರದಲ್ಲಿ ನಲವತ್ತಕ್ಕಿಂತ ಮೇಲೆ ಬರೆದು ಕೆಲವು ವರ್ಷಕ್ಕೆಂದು ಪ್ರಮಾಣಪತ್ರ ಕೊಟ್ಟಿದ್ದರು. ನಾನು ಹೊಸದುರ್ಗಕ್ಕೆ ಬಂದಾಗ ಅವಳು ಮೂರನೇ ತರಗತಿ. ಐದರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದಳು. ಹಲಗೆ ಕಂಡರೆ ಮಾತ್ರ ಓಡಿ ಬಂದು ಕೂರುತ್ತಿದ್ದಳು.

ಅಡುಗೆಮನೆಯಲ್ಲಿ ಬೆಳೆದ ಹುಡುಗಿ ಬಿಲ್ಲೆಗಳಿಗೆ ತನ್ನದೇ ಹೆಸರಿಟ್ಟಳು. ದುಂಡಗಿನದು ಮುದ್ದೆ. ಮೊಟ್ಟೆಯಾಕಾರದ್ದು ಮೊಟ್ಟೆಯೇ. ಉದ್ದನೆಯ ಚೌಕ ಚಿಕ್ಕಿ, ಯಾಕೆಂದರೆ ಅಂಗಡಿಯ ಕಡಲೆ ಚಿಕ್ಕಿ ಅದೇ ಆಕಾರದ್ದು. ಆರು ಮೂಲೆಯದು ಕುಕ್ಕರಿನ ನಟ್ಟು. ಪ್ರತಿ ಗುರುವಾರ ನಾನು ಹೋಗುವ ಹೊತ್ತಿಗೆ ಗೇಟಿನಲ್ಲೇ ನಿಂತಿದ್ದು, "ಮಿಸ್, ಹಲ್ಗೆ ತಂದೀರಾ?" ಎಂದು ಚೀಲ ಕಿತ್ತುಕೊಳ್ಳುತ್ತಿದ್ದಳು. ಎರಡು ವರ್ಷದಲ್ಲಿ ಕಣ್ಣು ಮುಚ್ಚಿಕೊಂಡು ಹತ್ತನ್ನೂ ಕೂರಿಸುವಷ್ಟಾದಳು. ನನಗೆ ಹೆಮ್ಮೆಯೋ ಹೆಮ್ಮೆ. ಮನೆಗೆ ಬಂದು ಅಮ್ಮಿಗೆ ಹೇಳುತ್ತಿದ್ದೆ, ನನ್ನಂಥ ಟೀಚರು ಜಿಲ್ಲೆಯಲ್ಲಿಲ್ಲ ಎಂದು.

ಐದನೇ ತರಗತಿಗೆ ಬಂದಾಗ ಪ್ರಮಾಣಪತ್ರದ ಅವಧಿ ಮುಗಿಯಿತು. ಮತ್ತೆ ಶಿಬಿರಕ್ಕೆ ಕರೆದೊಯ್ಯಬೇಕು. ಅಚ್ಚಾದ ಪತ್ರದಲ್ಲಿ 'ಮೌಲ್ಯಾಂಕನ ಶಿಬಿರ' ಎಂದಿತ್ತು. ಶಾಲೆಯ ಹೆಡ್‌ಮಾಸ್ಟರೇ "ಮೌಲ್ಯಾಂಕನ ಅಂದ್ರೆ ಪೇಪರ್ ತಿದ್ದದಲ್ವೇನ್ರಿ?" ಎಂದು ಕೇಳಿದ್ದರು. ತಾಯಂದಿರಿಗೆ ಹೇಗೆ ತಿಳಿಯಬೇಕು? ಆ ಪದ ಹೊಡೆದುಹಾಕಿ, ಮೇಲೆ ನೀಟಾಗಿ 'ಪರೀಕ್ಷೆ' ಎಂದು ಬರೆದು ಎಲ್ಲ ಮನೆಗೂ ಕಳಿಸಿದೆ. ಸರಳ ಕನ್ನಡ ಬಳಸಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಶಿಬಿರದ ದಿನ ರತ್ನಮ್ಮ ಮಗಳಿಗೆ ತಲೆಗೆ ಎರೆದು, ಎರಡು ಜಡೆ ಹಾಕಿ, ಹೊಸ ಪೆನ್ನು ಕೊಡಿಸಿ ಕರೆತಂದಿದ್ದರು. ಹಣೆಯಲ್ಲಿ ವಿಭೂತಿ. "ಪೆನ್ನು ಯಾಕೆ ರತ್ನಮ್ಮ?" ಅಂದೆ. "ಪರೀಕ್ಷೆ ಐತಲ್ಲ ಮಿಸ್" ಅಂದರು. ನಾನು ನಕ್ಕು ಸುಮ್ಮನಾದೆ. ಆಗಲೇ ಕೂರಿಸಿ ತಿಳಿಸಿ ಹೇಳಬೇಕಿತ್ತು.

ಆ ವರ್ಷ ಬಂದಿದ್ದ ಮನಃಶಾಸ್ತ್ರಜ್ಞರು ಇನ್ನೂ ಎಳೆಯ ವಯಸ್ಸಿನವರು, ತಾಳ್ಮೆಯ ಮನುಷ್ಯ. ಪವಿತ್ರಳನ್ನು ಎದುರಿಗೆ ಕೂರಿಸಿಕೊಂಡು ತಮ್ಮ ಪೆಟ್ಟಿಗೆ ತೆರೆದರು. ಅದೇ ಹಲಗೆ, ಅವೇ ಹತ್ತು ಬಿಲ್ಲೆ. ನನ್ನದಕ್ಕೆ ಬಣ್ಣವಿತ್ತು, ಅವರದಕ್ಕೆ ಇರಲಿಲ್ಲ, ಅಷ್ಟೆ. ಪವಿತ್ರಳ ಮುಖ ಅರಳಿತು. "ಮಿಸ್ಸಿನ ಹಲ್ಗೆ" ಅಂದಳು. ಅವರು ಗಡಿಯಾರ ಒತ್ತಿ ತಲೆ ಎತ್ತುವುದರೊಳಗೆ ಮುದ್ದೆ, ಮೊಟ್ಟೆ, ಚಿಕ್ಕಿ, ನಟ್ಟು ಎಲ್ಲವೂ ಕುಳಿಯಲ್ಲಿ ಕೂತಿದ್ದವು. ಅವರಿಗೆ ನಂಬಿಕೆಯಾಗಲಿಲ್ಲ. ಇನ್ನೆರಡು ಸಲ ಮಾಡಿಸಿದರು. ಪ್ರತಿ ಸಲವೂ ಬೇಗ. ಆಮೇಲೆ, "ಕೈ ಸುಟ್ಕೊಂಡ್ರೆ ಏನ್ಮಾಡ್ತೀಯ?" ಎಂದು ಕೇಳಿದರು. "ತಣ್ಣೀರಾಗೆ ಅದ್ದತೀನಿ. ಆಮೇಲೆ ಅವ್ವ ಬೈತಾಳೆ" ಅಂದಳು. ಒಲೆಯ ಪಕ್ಕದಲ್ಲೇ ಬೆಳೆದವಳಿಗೆ ಅದು ಯಾವ ಲೆಕ್ಕ.

ನಾನು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಾ ಹಿಗ್ಗಿ ಹೀರೇಕಾಯಿಯಾಗಿದ್ದೆ. ಅವರು ಕಾಗದದ ಮೇಲೆ ಬರೆದು ಮೊಹರು ಒತ್ತುವಾಗಲೂ ಹಿಗ್ಗುತ್ತಲೇ ಇದ್ದೆ. ರತ್ನಮ್ಮ ಹತ್ತಿರ ಹೋಗಿ ಮೆಲ್ಲಗೆ, "ಪಾಸಾ ಸಾರ್?" ಎಂದು ಕೇಳಿದರು. ಮುಂದಿನ ಮಗುವಿನ ಕಾಗದ ಹುಡುಕುತ್ತಿದ್ದ ಅವರು, "ಹೂಂ ತಾಯಿ, ಪಾಸು. ಮಗಳು ಚೆನ್ನಾಗಿದ್ದಾಳೆ" ಅಂದರು.

ರತ್ನಮ್ಮ ಎದುರಿನ ಅಂಗಡಿಗೆ ಹೋಗಿ ಸಕ್ಕರೆ ಪೊಟ್ಟಣ ತಂದರು. ಶಿಬಿರಕ್ಕೆ ಬಂದಿದ್ದ ತಾಯಂದಿರಿಗೆಲ್ಲ, ಗಾಲಿಕುರ್ಚಿಯ ಮಕ್ಕಳಿಗೆಲ್ಲ, ಚಿಟಿಕೆ ಚಿಟಿಕೆ ಹಂಚಿದರು. "ನನ್ನ ಮಗಳು ಪಾಸಾದ್ಲು. ಹುಟ್ಟಿದ ಮ್ಯಾಲೆ ಇದೇ ಮೊದಲು" ಎನ್ನುತ್ತಿದ್ದರು. ನನ್ನ ಅಂಗೈಗೆ ಮಾತ್ರ ಒಂದು ಹಿಡಿ. ಅದನ್ನು ಬಾಯಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಕಾಗದ ಬಿಡಿಸಿದೆ. 'ನಲವತ್ತಕ್ಕಿಂತ ಕಡಿಮೆ. ಅರ್ಹರಲ್ಲ' ಎಂದಿತ್ತು.

ಸಕ್ಕರೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅವಳು ನನ್ನ ಪಟ್ಟಿಯಿಂದ ಹೊರಗೆ ಬಿದ್ದಿದ್ದಳು, ಬೀಳಿಸಿದವಳು ನಾನೇ. ಅಲ್ಲೇ ಒಳಗೆ ಹೋಗಿ, ಸಾರ್, ಈ ಹಲಗೆಯಲ್ಲಿ ಅವಳಿಗೆ ಎರಡು ವರ್ಷ ಪಾಠ ಮಾಡಿದ್ದೇನೆ ಎಂದು ಹೇಳಬಹುದಿತ್ತು. ಹೇಳಿದರೆ ಸಾಮಾನು ದುರುಪಯೋಗ ಮಾಡಿದವಳೆಂದು ನನ್ನ ಹೆಸರು ಕೆಡುತ್ತದೆ ಎಂಬ ಭಯ. ಭಯ ಒಂದೇ ಆಗಿದ್ದರೆ ನನ್ನನ್ನು ನಾನು ಬೈದುಕೊಂಡು ಮುಗಿಸುತ್ತಿದ್ದೆ. ಜೊತೆಗೆ ಇನ್ನೊಂದು ಯೋಚನೆಯೂ ಇತ್ತು. ಕಲಿಸಿದ್ದರಿಂದಲ್ಲವೇ ಅವಳು ಮಾಡಿದ್ದು? ಕಲಿತದ್ದು ಬುದ್ಧಿಯಲ್ಲವೇ? ಎಲ್ಲ ಮಕ್ಕಳೂ ಯಾರಿಂದಲೋ ಕಲಿತೇ ಪಾಸಾಗುವುದು. ಹಾಗಾದರೆ ಇವಳದು ಮಾತ್ರ ಹೇಗೆ ಸುಳ್ಳಾಗುತ್ತದೆ? ಸುಮ್ಮನೆ ಬಸ್ಸು ಹತ್ತಿದೆ.

ಕೊನೆಯ ಗುರುವಾರ ಹೋದಾಗ ಪವಿತ್ರ ಎಂದಿನಂತೆ ಚೀಲ ಕಿತ್ತುಕೊಂಡಳು. ಇನ್ನು ಮೇಲೆ ನಾನು ಬರುವುದಿಲ್ಲ ಎಂದೆ. ಯಾಕೆ ಎಂದಳು. ಶೇಕಡಾ, ಅರ್ಹತೆ, ಅವಧಿ, ಇದನ್ನೆಲ್ಲ ಅವಳಿಗೆ ಹೇಗೆ ಹೇಳುವುದು? "ನೀನು ಪಾಸಾಗ್ಬಿಟ್ಯಲ್ಲ ಪುಟ್ಟಿ. ಪಾಸಾದೋರ ಹತ್ರ ಮಿಸ್ ಬರಂಗಿಲ್ಲ" ಅಂದೆ. ಅವಳು ಮೊಟ್ಟೆಯ ಬಿಲ್ಲೆಯನ್ನು ಕುಳಿಗೆ ಕೂರಿಸದೆ ಕೈಯಲ್ಲೇ ಹಿಡಿದುಕೊಂಡಳು.

ಆಮೇಲಿನ ಎರಡು ವರ್ಷ ಆ ಊರಿನ ದಾರಿಯಲ್ಲಿ ಬಸ್ಸು ಹೋದರೆ ಕಿಟಕಿಯ ಆಚೆ ನೋಡುತ್ತಿರಲಿಲ್ಲ. ಒಂದು ದಿನ ಬೇರೆ ಮಗುವಿನ ಕೆಲಸಕ್ಕೆ ಅದೇ ಶಾಲೆಗೆ ಹೋಗಲೇಬೇಕಾಯಿತು. ಏಳನೇ ತರಗತಿಯಲ್ಲಿ ಪವಿತ್ರ ಇರಲಿಲ್ಲ. ಅಡುಗೆಮನೆಯಲ್ಲಿ ತಾಯಿಯ ಪಕ್ಕ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು.

"ಕುಂತ್ಕಳ್ರಿ ಮಿಸ್" ಎಂದು ರತ್ನಮ್ಮ ಮಣೆ ಸರಿಸಿದರು. "ಕ್ಲಾಸಿಗೆ ಹೋಗಲ್ಲ ಅಂತಾಳೆ. ಯಾರೂ ಮಾತಾಡ್ಸಲ್ವಂತೆ. ಮುಂದಿನ ವರ್ಷ ಹೈಸ್ಕೂಲು. ಬಿಡಿಸ್ಬಿಡಾಣ ಅಂತ ಅವರಪ್ಪ ಅಂತಾವ್ರೆ."

ನಾನು ಎಲ್ಲವನ್ನೂ ಹೇಳಿದೆ. ಹಲಗೆಯ ವಿಷಯ, ಕಾಗದದಲ್ಲಿ ಬರೆದದ್ದರ ಅರ್ಥ, ಆ ಸಕ್ಕರೆಯ ದಿನ ನಾನು ಬಾಯಿ ಮುಚ್ಚಿಕೊಂಡದ್ದು. ಮತ್ತೊಮ್ಮೆ ಪರೀಕ್ಷೆ ಮಾಡಿಸೋಣ, ಪಟ್ಟಿಗೆ ಸೇರಿದರೆ ಹೈಸ್ಕೂಲಿಗೂ ನಾನು ಬರಬಹುದು, ಹತ್ತನೇ ತರಗತಿಗೆ ಸಹಾಯ ಸಿಗುತ್ತದೆ ಎಂದೆ. ರತ್ನಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಅವಳು ಒಂದೇ ಒಂದ್ಸಲ ಪಾಸಾಗವಳೆ ಮಿಸ್" ಅಂದರು. "ಅದನ್ನೂ ಫೇಲ್ ಮಾಡಿಸ್ಬೇಕಾ?"

ಅಳು ಬಂತು. ಅತ್ತುಬಿಟ್ಟೆ. ಪವಿತ್ರ ಬೆಳ್ಳುಳ್ಳಿ ಸಿಪ್ಪೆಯ ಕೈಯಲ್ಲೇ ನನ್ನ ಕಣ್ಣು ಒರೆಸಲು ಬಂದು ಉರಿ ಇನ್ನಷ್ಟು ಹೆಚ್ಚಿಸಿದಳು. ರತ್ನಮ್ಮ ಕೊನೆಗೆ, "ನಿಮಗೆ ಹೆಂಗೆ ಸರಿ ಕಾಣ್ತೈತೋ ಹಂಗೆ ಮಾಡ್ರಿ. ಶಾಲೆ ಒಂದು ಬಿಡಬಾರ್ದು ಅವಳು" ಅಂದರು.

ರುದ್ರಪ್ಪ ಸರ್ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ ನಮೂನೆಯನ್ನು ಮೇಲಿನಿಂದ ಕೆಳಗೆ ನೋಡಿದರು. "ಮೇಡಂ, ಟೀಚರ್ ತಪ್ಪು ಮಾಡವ್ರೆ ಅಂತ ಬರ್ಯಾಕೆ ಇದ್ರಾಗೆ ಕಾಲಮ್ಮೇ ಇಲ್ರಿ" ಅಂದರು. ಆಮೇಲೆ ಯೋಚಿಸಿ, "ಷರಾದಾಗೆ ಬರೀರಿ" ಅಂದರು. 'ಪರೀಕ್ಷಾ ಸಾಮಗ್ರಿಯನ್ನು ಪಾಠಕ್ಕೆ ಬಳಸಿದ್ದರಿಂದ ಫಲಿತಾಂಶ ನಂಬಲರ್ಹವಲ್ಲ. ಮರುಪರೀಕ್ಷೆ ಕೋರಿದೆ' ಎಂದು ಬರೆದೆ. ನನಗೊಂದು ನೋಟಿಸು ಬಂತು, ಉತ್ತರ ಕೊಟ್ಟೆ. ಮರದ ಪೆಟ್ಟಿಗೆ ಬೀರು ಸೇರಿತು.

ಮರುಪರೀಕ್ಷೆಗೆ ಬಂದವರು ಬೇರೆಯವರು, ಸ್ವಲ್ಪ ಗಡಸು ಹೆಂಗಸು. ಹಲಗೆ ಬೇಡವೆಂದು ಬಣ್ಣದ ಕಟ್ಟಿಗೆ ತುಂಡುಗಳನ್ನೂ ಚಿತ್ರಗಳನ್ನೂ ತಂದಿದ್ದರು. ನನ್ನನ್ನೂ ರತ್ನಮ್ಮನನ್ನೂ ಹೊರ ಕಳಿಸಿ ಬಾಗಿಲು ಹಾಕಿಕೊಂಡರು. ಈ ಸಲ ಹೊಸ ಪೆನ್ನಿರಲಿಲ್ಲ, ವಿಭೂತಿ ಇರಲಿಲ್ಲ. ಒಳಗಿನಿಂದ ಆಗಾಗ ಪವಿತ್ರಳ ದನಿ ಕೇಳಿಸುತ್ತಿತ್ತು. "ಗೊತ್ತಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಗೊತ್ತಿಲ್ಲ." ಕೊನೆಗೆ ಬಾಗಿಲು ತೆರೆದ ಆ ಹೆಂಗಸು, "ಬಹಳ ಹಿಂದಿದ್ದಾಳೆ. ತನ್ನ ಹೆಸರು ಕೇಳಿದ್ರೂ ಗೊತ್ತಿಲ್ಲ ಅಂತಾಳೆ" ಅಂದರು. ಹೊಸ ಮುಖ ಕಂಡು ಹೆದರಿದ್ದಾಳೆ ಎಂದುಕೊಂಡೆ. ಅಂಕ ನಲವತ್ತನ್ನು ದಾಟಿ ಎಲ್ಲೋ ಹೋಗಿತ್ತು. ಅರ್ಹ.

ರತ್ನಮ್ಮ ಕಣ್ಣಲ್ಲೇ ಕೇಳಿದರು. "ಪಟ್ಟಿಗೆ ಬಂದ್ಲು" ಎಂದಷ್ಟೇ ಹೇಳಿದೆ. ಪವಿತ್ರ ಮಾತ್ರ ನನ್ನ ಚೀಲ ಹಿಡಿದುಕೊಂಡು, "ಗುರುವಾರ ಬತ್ತೀರಾ?" ಎಂದು ಕೇಳಿದಳು. "ಬತ್ತೀನಿ" ಅಂದೆ.

ಗುರುವಾರಗಳು ಮತ್ತೆ ಶುರುವಾದವು, ಹೈಸ್ಕೂಲಿನವರೆಗೂ ನಡೆದವು. ಹತ್ತನೇ ತರಗತಿಯ ಪರೀಕ್ಷೆಯನ್ನು ಅವಳು ಬರೆಯುವ ಸಹಾಯಕಿಯ ಜೊತೆ ಕೂತು ಬರೆಸಿದಳು. ಕೆಲವು ವಿಷಯ ಆಯಿತು, ಎರಡು ಉಳಿದವು. ಅವು ಇನ್ನೂ ಉಳಿದೇ ಇವೆ.

ಚಾರ್ಜು ಕೊಟ್ಟ ಮೇಲೆ ದೀಪಾಗೆ ಶಾಲೆಗಳನ್ನು ತೋರಿಸಲು ಒಂದು ಸುತ್ತು ಹೊರಟೆ. ಆ ಊರಿಗೆ ಹೋದಾಗ ಊಟದ ಹೊತ್ತು. ಪವಿತ್ರ ಈಗ ಇಪ್ಪತ್ತು ದಾಟಿದ ಹೆಂಗಸು, ಅದೇ ಅಡುಗೆಮನೆಯಲ್ಲಿ ತಾಯಿಗೆ ಕೈ ಕೂಡಿಸುತ್ತಾಳೆ. ಜಗುಲಿಯ ಮೇಲೆ ಕೂತ ಮಕ್ಕಳ ಮುಂದೆ ತಟ್ಟೆಗಳನ್ನು ಸಾಲಾಗಿ ಇಟ್ಟು, ಪ್ರತಿ ತಟ್ಟೆಗೂ ಒಂದೊಂದು ಮೊಟ್ಟೆ ಕೂರಿಸುತ್ತಾ ಹೋಗುತ್ತಿದ್ದಳು. ಎಣಿಸುತ್ತಿರಲಿಲ್ಲ. ಅವಳಿಗೆ ಇವತ್ತಿಗೂ ಇಪ್ಪತ್ತರ ಮೇಲೆ ಎಣಿಕೆ ತಪ್ಪುತ್ತದೆ. ಕೊನೆಯಲ್ಲಿ ಒಂದು ಮೊಟ್ಟೆ ಮಿಕ್ಕಿತು. ಸಾಲಿನ ಮೇಲೆ ಕಣ್ಣು ಹಾಯಿಸಿ, "ನಾಕನೇ ಕ್ಲಾಸಿನ ಸಿಂಧು ಬಂದಿಲ್ಲ" ಅಂದಳು. ಹೌದು, ಬಂದಿರಲಿಲ್ಲ.

ದೀಪಾ ಬೆರಗಾಗಿ, "ಮೇಡಂ, ಇವರೇನಾ ಆ ಮರುಪರೀಕ್ಷೆಯ ಕೇಸು?" ಎಂದು ಕೇಳಿದಳು. ರಿಜಿಸ್ಟರಿನ ಷರಾ ಓದಿದ್ದಳು. ನಾನು ಹೂಂ ಅಂದೆ. ಮರುಪರೀಕ್ಷೆ ಎಂಬ ಮಾತು ಪವಿತ್ರಳ ಕಿವಿಗೆ ಬಿತ್ತು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದು ಕೂತಳು.

"ಅವತ್ತು ನಂಗೆ ಎಲ್ಲಾ ಗೊತ್ತಿತ್ತು ಮಿಸ್" ಅಂದಳು.

"ಯಾವತ್ತು?"

"ಆ ಜೋರು ಮೇಡಂ ಕೇಳಿದ್ರಲ್ಲ, ಬಾಗ್ಲು ಹಾಕ್ಕಂಡು. ನನ್ನ ಹೆಸ್ರೂ ಗೊತ್ತಿತ್ತು. ಪಾಸಾದೋರ ಹತ್ರ ಮಿಸ್ ಬರಂಗಿಲ್ಲ ಅಂದಿದ್ರಲ್ಲ ನೀವು. ಅದಕ್ಕೇ ಗೊತ್ತಿಲ್ಲ ಅಂದೆ."

ದೀಪಾ ನನ್ನ ಮುಖ ನೋಡಿದಳು. ನಾನು ಯಾರ ಮುಖ ನೋಡಲಿ? ಗುರುವಾರಕ್ಕೋಸ್ಕರ ಹೆಸರನ್ನೇ ಬಚ್ಚಿಟ್ಟ ಹುಡುಗಿ ಬುದ್ಧಿ ಕಡಿಮೆಯವಳಾಗಲು ಹೇಗೆ ಸಾಧ್ಯ? ಹಾಗಾದರೆ ಸಕ್ಕರೆಯ ದಿನದ ಫಲಿತಾಂಶವೇ ಸರಿಯಿತ್ತೇ? ಅದು ಸರಿಯಿದ್ದರೆ ಅಡುಗೆಮನೆಯ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಯಾರು, ಹತ್ತನೇ ತರಗತಿಯಲ್ಲಿ ಉಳಿದ ಆ ಎರಡು ವಿಷಯ ಯಾಕೆ ಉಳಿದವು? ಅಥವಾ ಅವತ್ತು ನಿಜವಾಗಿಯೂ ಗೊತ್ತಿರಲಿಲ್ಲವೇನೋ, ಈಗ ಹೀಗೆ ನೆನಪು ಮಾಡಿಕೊಂಡಿದ್ದಾಳೇನೋ. ಹರಿಯಬ್ಬೆಯ ಮಂಡಕ್ಕಿ ಹುಡುಗಿಯೂ, ಕಳೆದುಹೋದ ಆ ನೋಟ್‌ಬುಕ್ಕೂ ನೆನಪಾದವು. ನನಗೆ ಯಾವುದೂ ಒಂದು ಕುಳಿಗೆ ಸರಿಯಾಗಿ ಕೂರಲಿಲ್ಲ.

"ಹಂಗಾರೆ ನಾನು ಪಾಸಾ, ಫೇಲಾ ಮಿಸ್?" ಎಂದು ಪವಿತ್ರ ಕೇಳಿದಳು.

ಇಷ್ಟು ವರ್ಷ ಎಲ್ಲರಿಗೂ ಏನಾದರೊಂದು ಬರೆದುಕೊಟ್ಟವಳು, ಒಂದು ಕಾಲಮ್ಮನ್ನೂ ಖಾಲಿ ಬಿಡದವಳು ನಾನು.

"ಗೊತ್ತಿಲ್ಲ" ಅಂದೆ.

ಅವಳು ನಕ್ಕಳು. ಮಿಕ್ಕಿದ್ದ ಮೊಟ್ಟೆಯನ್ನು ತಂದು ನನ್ನ ಕೈಯಲ್ಲಿಟ್ಟಳು. "ಹಂಗಾರೆ ಗುರುವಾರ ಬತ್ತೀರಿ" ಅಂದಳು.